ಐದು ಮೀಟರಿನಾಚೆ

"ಆ ತಂತಿ ತುಳಿದ್ರೆ ನೋಡು, ಕಾಲು ಮುರಿದು ಕೈಗೆ ಕೊಡ್ತೀನಿ!"

ಕಿಟಕಿಯೊಳಗಿಂದ ಬಂದ ಕೂಗಿಗೆ ಹಿಸ್ಕಿಯಾ ಒಂಟಿ ಕಾಲಲ್ಲೇ ನಿಂತುಬಿಟ್ಟ. ಕೈಯಲ್ಲಿ ಪೈಪು, ಹೆಗಲಲ್ಲಿ ಸಾಮಾನಿನ ಚೀಲ. ಮಾಲ್ತಹೋಹೆ ಊರಿನ ಆಚೆಗಿನ ಒಣ ಸೀಮೆಯಲ್ಲಿ ಬೋರ್‌ವೆಲ್‌ಗಳಿಗೆ ಸೋಲಾರ್ ಪಂಪು ಕೂರಿಸುವುದು ಅವನ ಕೆಲಸ. ಈ ಮನೆಗೆ ಬಂದದ್ದೂ ಅದಕ್ಕೇ.

"ಯಾವ ತಂತಿ, ಮಿಸ್?"

"ನಿನ್ನ ಕಾಲ ಕೆಳಗೇ ಇದೆಯಲ್ಲ! ಕಣ್ಣನ್ನ ಗಾಡೀಲೇ ಬಿಟ್ಟು ಬಂದ್ಯಾ?"

ಅವನು ನಕ್ಕ. ಕಿಟಕಿಯೊಳಗಿದ್ದ ಯೋಲಿಂಡಾಗೆ ಮೈಯೆಲ್ಲ ಉರಿಯಿತು. ಜೊತೆಗೆ ಎದೆಯೂ ಒಂದು ಕ್ಷಣ ತಾಳ ತಪ್ಪಿತು... ಅಯ್ಯೋ, ಈ ಹಾಳು ಎದೆ! ಓಡಬೇಡ, ಗುಡ್ಡ ಹತ್ತಬೇಡ, ಚಳಿಗೆ ಹೋಗಬೇಡ ಎಂದಿದ್ದ ಡಾಕ್ಟರು, ಯಾರಾದರೂ ಹೀಗೆ ನಕ್ಕರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ಮನೆಯಲ್ಲಿದ್ದದ್ದು ಅವಳು ಮತ್ತು ಅಜ್ಜಿ ಓಮಾ ಡೀನಾ ಇಬ್ಬರೇ. ಹಿತ್ತಲ ದಿಣ್ಣೆಯ ಮೇಲಿದ್ದ ಟೆಲಿಸ್ಕೋಪನ್ನು, ಪ್ರತಿ ವರ್ಷ ಆಕಾಶದ ಫೋಟೋ ತೆಗೆಯಲು ಬರುತ್ತಿದ್ದ ಮುದುಕ ಅತಿಥಿಯೊಬ್ಬ ಇನ್ನು ತನ್ನ ಕೈಲಾಗದೆಂದು ಅವಳಿಗೇ ಕೊಟ್ಟುಬಿಟ್ಟಿದ್ದ.

ಅವಳಿಗೆ ಬೇಕಾದ ಫೋಟೋ ಒಂದೇ ಒಂದು. ಅಪ್ಪ ಬದುಕಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದ, ದಕ್ಷಿಣದ ಆಕಾಶದ ಆ ಮಸುಕು ಗುಲಾಬಿ ನೀಹಾರಿಕೆ. ಸಂಜೆಯಿಂದ ಸಂಜೆಗೆ ಅದು ಪಡುವಣ ಬೆಟ್ಟದ ಕಡೆ ಇಳಿಯುತ್ತಿತ್ತು. ಅದು ಮರೆಯಾಗುವ ಹೊತ್ತಿಗೇ ವಿಂಡ್‌ಹುಕ್‌ನಲ್ಲಿ ಅವಳ ಆಪರೇಷನ್. ಆ ಮಾತು ಹೇಳುವಾಗ ಡಾಕ್ಟರು ಅವಳ ಮುಖ ನೋಡದೆ ಮೇಜು ನೋಡಿದ್ದರು.

ಜುಲೈ ತಿಂಗಳು, ಆ ಸೀಮೆಗೆ ಚಳಿಗಾಲ. ಹೊರಗೆ ಬಕೆಟ್ಟಿನ ನೀರು ಹೆಪ್ಪುಗಟ್ಟುವ ಚಳಿ. ಟೆಲಿಸ್ಕೋಪಿಗೆ ಸಿಕ್ಕಿಸಿದ ಕ್ಯಾಮೆರಾವನ್ನು ಹಾಸಿಗೆಯಲ್ಲಿ ಕೂತೇ ನಡೆಸೋಣವೆಂದು ಅವಳು ದಿಣ್ಣೆಯಿಂದ ಕೋಣೆಯವರೆಗೆ ಉದ್ದನೆಯ ಯು.ಎಸ್.ಬಿ. ಕೇಬಲ್ ಎಳೆಸಿದ್ದಳು. ಲ್ಯಾಪ್‌ಟಾಪಿಗೆ ಕ್ಯಾಮೆರಾ ಕಾಣಿಸಲೇ ಇಲ್ಲ.

ಹಿಸ್ಕಿಯಾ ತಂತಿಯ ತುದಿ ಹಿಡಿದು ಹಿಂದೆ ಮುಂದೆ ನೋಡಿದ.

"ಇದು ಐದು ಮೀಟರ್ ತನಕ ನಿಯತ್ತಾಗಿರುತ್ತೆ, ಮಿಸ್. ಆಚೆ ಹೋದ್ರೆ ಮಾತು ತಪ್ಪುತ್ತೆ. ಇಲ್ಲಿಂದ ಅಲ್ಲಿಗೆ ಮೂವತ್ತಿದೆ."

"ಹಾಗಾದ್ರೆ ಆಗೋದೇ ಇಲ್ವಾ?"

ಅವಳು ಕಿಟಕಿಯಿಂದ ಮುಂದಕ್ಕೆ ಬಾಗಿದಳು.

"ಯಾಕಾಗಲ್ಲ? ನಡುನಡುವೆ ಬಲ ಕೊಡೋ ಕೇಬಲ್ ಸಿಗುತ್ತೆ. ವಿಂಡ್‌ಹುಕ್‌ಗೆ ಹೋದಾಗ ತರ್ತೀನಿ."

ತಂದ. ಒಂದಕ್ಕೊಂದು ಸಿಕ್ಕಿಸಿ, ಗಂಟುಗಳಿಗೆ ಪ್ಲಾಸ್ಟಿಕ್ ಸುತ್ತಿ, ದಿಣ್ಣೆಯ ಕಲ್ಲುಗಳ ನಡುವೆ ಇಳಿಬಿಟ್ಟ. ಅಂದು ಸಂಜೆ ಪರದೆಯ ಮೇಲೆ ನಕ್ಷತ್ರಗಳು ಮೂಡಿದಾಗ ಯೋಲಿಂಡಾ ಚಿಕ್ಕ ಮಗುವಿನ ಹಾಗೆ ಕೂಗಿಬಿಟ್ಟಳು!

ಎರಡು ಚಿತ್ರ ಬಂತು. ಮೂರನೆಯದಕ್ಕೆ ಕ್ಯಾಮೆರಾ ಮಾಯ.

ಅವನು ಕೊಟ್ಟುಹೋಗಿದ್ದ ವಾಕಿಟಾಕಿ ಎತ್ತಿಕೊಂಡಳು. "ಹಿಸ್ಕಿಯಾ, ಹೋಯ್ತು!"

"ಬಂದೆ, ಬಂದೆ."

ಪಂಪಿನ ಕೆಲಸಕ್ಕೆಂದು ಅವನು ಉಳಿದುಕೊಂಡಿದ್ದ ಹಿಂದಿನ ಕೊಠಡಿಯಿಂದ ಟಾರ್ಚೊಂದು ದಿಣ್ಣೆ ಹತ್ತಿತು. ಎಳೆದು, ಊದಿ, ಮತ್ತೆ ಸಿಕ್ಕಿಸಿ ಅವನು ಅಡುಗೆಮನೆಗೆ ಬಂದು ಒಲೆಯ ಮುಂದೆ ಕೈ ಕಾಯಿಸಿಕೊಂಡ.

"ಮುಳ್ಳುಹಂದಿ ಕಡಿದಿತ್ತು."

"ಎಲ್ಲ ಬಿಟ್ಟು ನನ್ನ ತಂತೀನೇ ಬೇಕಿತ್ತಾ ಅದಕ್ಕೆ?"

"ರುಚಿ ಗೊತ್ತಿರೋ ಮುಳ್ಳುಹಂದಿ," ಎಂದ. ಓಮಾ ಅವನ ಮುಂದೆ ರೂಯ್‌ಬೋಸ್ ಚಹಾ ಇಟ್ಟು, ಕೆಂಡದಲ್ಲಿ ಸುಟ್ಟ ರೊಟ್ಟಿ ಮುರಿದುಕೊಟ್ಟಳು.

ದಿನವೂ ಇದೇ ಕಥೆ. ಕ್ಯಾಮೆರಾ ಹೋಗುವುದು, ಅವನು ಬರುವುದು. ನೆರೆಯ ತೋಟದ ಕತ್ತೆ ಪಂಪಿನ ಮನೆಗೆ ನುಗ್ಗಿದ ಕಥೆ, ಪಾದ್ರಿಯ ಗಾಡಿ ಮರಳಲ್ಲಿ ಹೂತ ಕಥೆ... ಯೋಲಿಂಡಾ ನಗುತ್ತಿದ್ದಳು. 'ಇವತ್ತು ಸ್ವಲ್ಪ ಬೇಗನೇ ಕೆಟ್ಟರೂ ಪರವಾಗಿಲ್ಲ' ಎಂದು ಒಂದು ಸಂಜೆ ಅವಳಿಗನ್ನಿಸಿತು. ಹಾಗನ್ನಿಸಿದ್ದಕ್ಕೆ ಭಯವಾಯಿತು. ನಾಳೆ ಇಲ್ಲದವಳಿಗೆ ಇದೆಲ್ಲ ಯಾಕೆ?

ನೀಹಾರಿಕೆ ಇಳಿಯುತ್ತಲೇ ಇತ್ತು.

"ಮುಂದಿನ ಬೇಸಿಗೆಗೆ ಮತ್ತೆ ಬರುತ್ತಲ್ಲ, ಬಿಡಿ," ಎಂದ ಹಿಸ್ಕಿಯಾ ಒಂದು ದಿನ.

"ಅದು ಬರುತ್ತೆ. ನಾನು ಇರ್ತೀನಾ?"

ಅಂದೇ ಅವಳು ಆಪರೇಷನ್ನಿನ ಮಾತು ಹೇಳಿದ್ದು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಅದಾದ ಮೂರನೆಯ ದಿನ ಹಿಟ್ಟಿನ ಚೀಲ ಇಳಿಸಲು ಅವನ ಗಾಡಿಗೆ ಹೋದ ಓಮಾ, ಸೀಟಿನ ಕೆಳಗಿದ್ದ ಪುಟ್ಟ ಪೆಟ್ಟಿಗೆಯೊಂದನ್ನು ತಂದಳು.

"ಇದು ನಿಂದೇ ಸಾಮಾನು ಇರಬೇಕು, ಮಗಾ. ಆ ಪೆದ್ದ ಕೊಡೋಕೆ ಮರೆತಿದಾನೆ."

ಅಂಗೈಯಗಲದ ಕಂಪ್ಯೂಟರ್. ಯೋಲಿಂಡಾ ಅದನ್ನೇ ನೋಡುತ್ತ ಕೂತಳು. ಇದನ್ನು ಟೆಲಿಸ್ಕೋಪಿನ ಕಾಲಿಗೆ ಕಟ್ಟಿದರೆ ಯು.ಎಸ್.ಬಿ. ಮೊಳದುದ್ದ ಸಾಕು. ಅಲ್ಲಿಂದ ಮನೆಗೆ ನೂರು ಮೀಟರ್ ಎಳೆದರೂ ಜಗ್ಗದ ನೆಟ್‌ವರ್ಕ್ ತಂತಿ. ಆ ತಂತಿಯ ಸುರುಳಿಯೂ ಪೆಟ್ಟಿಗೆಯಲ್ಲೇ ಇತ್ತು.

ಅವನನ್ನು ಕರೆಸಿದಳು.

"ಯಾವತ್ತು ತಂದೆ ಇದನ್ನ?"

ಹಿಸ್ಕಿಯಾ ಟೋಪಿ ತೆಗೆದ.

"ಕೇಬಲ್ ತಂದ ದಿನಾನೇ."

"ಅಂದ್ರೆ ಮುಳ್ಳುಹಂದಿ..."

"ಇರಲಿಲ್ಲ. ಉದ್ದ ಜಾಸ್ತಿಯಾಗಿತ್ತು. ಅದು ಕೈಕೊಡುತ್ತೆ ಅಂತ ನನಗೆ ಗೊತ್ತಿತ್ತು." ನೆಲ ನೋಡುತ್ತಲೇ ಹೇಳಿದ. "ತಂತಿ ಸರಿಹೋದ್ರೆ ನನ್ನನ್ನ ಯಾರು ಕರೀತಾರೆ? ಪಂಪಿನ ಕೆಲಸ ಮುಗಿದು ಎಷ್ಟೋ ದಿನ ಆಯ್ತು. ನೀವಂದ್ರೆ ನಂಗಿಷ್ಟ, ಯೋಲಿಂಡಾ. ತುಂಬಾ ಇಷ್ಟ."

ಯಾವ ಮಾತಿಗಾಗಿ ಅವಳ ಜೀವ ಕಾದಿತ್ತೋ ಅದೇ ಮಾತು! ಕೇಳಿದಾಗ ಮಾತ್ರ ಕಣ್ಣು ಕತ್ತಲಿಟ್ಟಿತು.

"ನನ್ನ ಹತ್ರ ಇದ್ದಿದ್ದೇ ಬೆರಳೆಣಿಕೆಯ ಸಂಜೆ, ಹಿಸ್ಕಿಯಾ. ಅದನ್ನೇ ಕದ್ಯಾ?"

"ಆಪರೇಷನ್ ವಿಷಯ ಗೊತ್ತಿರಲಿಲ್ಲ..."

"ಹೇಳಿದ ಮೇಲೆ?"

ಅವನು ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ.

"ಹೇಳಿದ ಮೇಲೆ ಇನ್ನೂ ಹೆದರಿಕೆ ಆಯ್ತು. ಆ ಫೋಟೋ ಮುಗಿದ್ರೆ ನೀವು ಹೊರಟೇ ಬಿಡ್ತೀರ ಅನ್ನಿಸ್ತು."

"ಹೋಗು. ಮುಖ ತೋರಿಸಬೇಡ!"

ಹೋಗುವ ಮುಂಚೆ ಅವನು ಆ ಕಂಪ್ಯೂಟರನ್ನು ದಿಣ್ಣೆಯ ಮೇಲೆ ಟೆಲಿಸ್ಕೋಪಿಗೆ ಕಟ್ಟಿ, ಹೊಸ ತಂತಿ ಎಳೆದು, ಟೆಲಿಸ್ಕೋಪು ತಿರುಗಿದರೂ ಜಗ್ಗದಷ್ಟು ಸಡಿಲ ಬಿಟ್ಟು, ಎಲ್ಲ ಸರಿಯಿದೆಯೆಂದು ಓಮಾಳ ಹತ್ತಿರ ಹೇಳಿ ಗಾಡಿ ಹತ್ತಿದ.

ಆ ಸಂಜೆ ಕ್ಯಾಮೆರಾ ಒಮ್ಮೆಯೂ ಮಾಯವಾಗಲಿಲ್ಲ. ಮರುದಿನವೂ ಇಲ್ಲ. ಚಿತ್ರದ ಮೇಲೆ ಚಿತ್ರ ಬಂತು. ಅಡುಗೆಮನೆಯ ಬಾಗಿಲು ಯಾರೂ ತಟ್ಟಲಿಲ್ಲ. ಯೋಲಿಂಡಾ ಪರದೆ ನೋಡುತ್ತ ಅತ್ತಳು.

ಆದರೂ ತಡವಾಗಿತ್ತು. ಐದನೆಯ ಸಂಜೆ ಬೆಟ್ಟ ನೀಹಾರಿಕೆಯನ್ನು ನುಂಗಿತು. ಎಲ್ಲ ಚಿತ್ರಗಳನ್ನು ಸೇರಿಸಿದರೂ ನಡುವಿನ ಗುಲಾಬಿ ಮಾತ್ರ ಕಂಡಿತು. ಅಪ್ಪ ಬೆರಳಿಟ್ಟು ತೋರಿಸುತ್ತಿದ್ದ ಅಂಚುಗಳೆಲ್ಲ ಮರಳು ಎರಚಿದಂತೆ ಬರೀ ಚುಕ್ಕಿ. ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಹೊರಡಬೇಕಿತ್ತು.

"ಮುಗೀತು, ಓಮಾ. ಅರ್ಧಂಬರ್ಧ."

ಓಮಾ ಬಟ್ಟೆ ಮಡಚುತ್ತಲೇ ಹೇಳಿದಳು. "ಆ ಪೆದ್ದ ಇನ್ನೂ ಹೋಗಿಲ್ಲ ಕಣೇ. ದಿನಾ ಗೇಟಿನ ಹತ್ರ ಗಾಡೀಲೇ ಮಲಗ್ತಾನೆ. ರೊಟ್ಟಿ ಕೊಟ್ಟು ಬಂದೆ. ಬೈಯೋದಾದ್ರೆ ಬೈ."

ಯೋಲಿಂಡಾ ಬೈಯಲಿಲ್ಲ. ಇನ್ನೂ ಕೋಪವಿತ್ತು. ಅವನು ಕದ್ದ ಸಂಜೆಗಳು ವಾಪಸ್ ಬರುವುದಿಲ್ಲ. ಆದರೆ ಕಣ್ಣು ಮುಚ್ಚಿದರೆ ನೆನಪಿಗೆ ಬರುತ್ತಿದ್ದದ್ದೂ ಆ ಸಂಜೆಗಳೇ.

ಲ್ಯಾಪ್‌ಟಾಪಿನಿಂದ ತಂತಿಯನ್ನು ಕಿತ್ತಳು. ವಾಕಿಟಾಕಿ ಎತ್ತಿದಳು.

"ಹಿಸ್ಕಿಯಾ... ಹೋಯ್ತು."

ಗರಗರ ಸದ್ದು. ಆಮೇಲೆ, "ಬಂದೆ!"

ಏದುಸಿರು ಬಿಡುತ್ತ ಬಂದವನು ಬಾಗಿಲಲ್ಲೇ ನಿಂತ. ಅವಳ ಮುಷ್ಟಿಯಲ್ಲಿದ್ದ ತಂತಿಯನ್ನು ನೋಡಿದ.

"ಏನಾಯ್ತು?"

"ಮುಳ್ಳುಹಂದಿ ಕಡಿದಿದೆ."

ಅವನು ಒಳಗೆ ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತ.

"ನನ್ನ ಕ್ಷಮಿಸಿದ್ಯಾ?" ಮೊದಲ ಸಲ ಅವಳನ್ನು ನೀನು ಎಂದ.

"ಇಲ್ಲ. ಅದಕ್ಕೆಲ್ಲ ಟೈಮ್ ಇಲ್ಲ ನನಗೆ." ಅವಳು ಕೈ ಚಾಚಿದಳು. "ನೀನಂದ್ರೆ ನಂಗೂ ಇಷ್ಟ. ಅದನ್ನ ಹೇಳದೆ ಹೋಗ್ಬಾರ್ದು ಅನ್ನಿಸ್ತು."

"ನಾಳೆ ನಾನೇ ಗಾಡಿ ಓಡಿಸ್ತೀನಿ."

"ವಾಪಸ್ ಒಬ್ಬನೇ ಬರಬೇಕಾಗ್ಬಹುದು..."

"ಗೊತ್ತು."

"ಆದ್ರೂ ಬರ್ತೀಯಾ?"

"ಆಪರೇಷನ್ ಬಾಗಿಲ ತನಕ ಬರ್ತೀನಿ. ಅದರಾಚೆ ಬಿಡಲ್ವಂತೆ."

ಯೋಲಿಂಡಾ ಅವನ ಒರಟು ಅಂಗೈಯನ್ನು ತನ್ನ ತಾಳ ತಪ್ಪುವ ಎದೆಯ ಮೇಲಿಟ್ಟುಕೊಂಡಳು.

"ಬಾಗಿಲ ಹೊರಗೆ, ಐದು ಮೀಟರ್ ಮೀರದ ಹಾಗೆ ಕೂತಿರು, ಆಯ್ತಾ?"

"ಕೂತಿರ್ತೀನಿ," ಎಂದ ಹಿಸ್ಕಿಯಾ.