ಬಿಡು ಅಂದರೂ ಬಿಡದವನು

ಆ ನಡುಗಡ್ಡೆಯ ಕಡಿದಾದ ಬಂಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿಯಬಲ್ಲ ಮನೆತನ ಒಂದೇ, ಅದು ತನ್ನದು ಎನ್ನುವ ಹೆಮ್ಮೆ ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೂ ಇತ್ತು. ಇರಬಾರದೇಕೆ? ಬಂಡೆಯ ನೆತ್ತಿಯ ಹಳೇ ಕಾವಲುಗೋಪುರಕ್ಕೆ ಕಲ್ಲು ಏರಿಸಿದ್ದು ಅವಳ ಮುತ್ತಜ್ಜಂದಿರೇ. ಈಗ ಹರಿದ ಬಲೆಯ ತುಂಡುಗಳಿಗೆ ಸಿಕ್ಕಿಬಿದ್ದ ಕಡಲಹಕ್ಕಿಗಳನ್ನು ಬಿಡಿಸಲು ಇಳಿಯುವವಳು ಅವಳು. ಮೇಲೆ ನಿಂತು ಹಗ್ಗ ಹಿಡಿಯುವವನು ಅಪ್ಪ. ಬೇರೆ ಯಾರ ಕೈಗೂ ಅವಳು ಹಗ್ಗ ಕೊಟ್ಟವಳಲ್ಲ.

ಅಂಥವಳು ಗೋಪುರದ ರಿಪೇರಿಗೆ ಬಂದ ಮೇಸ್ತ್ರಿಗೆ ಮನಸ್ಸು ಕೊಟ್ಟು ಕೂತಿದ್ದಳು. ಅವನ ಕೆಲಸ ಮುಗಿದಿತ್ತು. ಮಧ್ಯಾಹ್ನದ ಬೋಟಿಗೆ ಹೊರಟು ನಿಂತಿದ್ದ.

"ಇರಿ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದ, ಕಣ್ಣಲ್ಲೇ ನಗುತ್ತ.

"ಹೋಗೋರನ್ನ ಕೈ ಹಿಡಿದು ನಿಲ್ಲಿಸೋ ಪೈಕಿ ನಾವಲ್ಲ!" ಅಂದವಳು ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಅಷ್ಟರಲ್ಲಿ ಕೆಳಗೆ ಹಕ್ಕಿಯೊಂದು ಚೀರಿತು. ರೆಕ್ಕೆಗೆ ಬಲೆ ಸುತ್ತಿಕೊಂಡಿತ್ತು. ಅಪ್ಪನ ಭುಜ ಬೇರೆ ಉಳುಕಿತ್ತು.

"ನಾನು ಹಿಡೀತೀನಿ," ಎಂದ ಮೇಸ್ತ್ರಿ.

"ಕಲ್ಲು ಎತ್ತಿದ ಕೈ ಕಣಮ್ಮ, ಕೊಡು," ಎಂದ ಅಪ್ಪ.

ಅವಳು ಸೊಂಟಕ್ಕೆ ಹಗ್ಗ ಬಿಗಿದಳು. "ಹಗ್ಗದ ಮೇಲಿದ್ದಾಗ 'ಹೋಗಿ', 'ಬನ್ನಿ' ಅಂತೆಲ್ಲ ಮರ್ಯಾದೆ ಇಲ್ಲ. ಏಕವಚನವೇ. ಬೇಜಾರು ಮಾಡ್ಕೋಬೇಡಿ."

"ಅದಕ್ಕೇ ಕಾಯ್ತಾ ಇದ್ದೆ!"

ಇಳಿದಳು. ಹಕ್ಕಿ ಇನ್ನೊಂದು ಮೊಳ ದೂರವಿದೆ ಎನ್ನುವಾಗ ಕೂಗಿದಳು, "ಬಿಡು!"

"ಬಿಡಲ್ಲ!"

"ಅಯ್ಯೋ, ಬಿಡೋ!"

"ಪ್ರಾಣ ಹೋದ್ರೂ ಬಿಡಲ್ಲ!" ಎಂದು ಅವನು ಇನ್ನಷ್ಟು ಬಿಗಿಯಾಗಿ ಎಳೆದ. ಅವಳು ಗಾಳಿಯಲ್ಲಿ ಸೋರೆಕಾಯಿಯ ಹಾಗೆ ನೇತಾಡಿದಳು.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಲೋ ಪುಣ್ಯಾತ್ಮ, ಬಿಡು ಅಂದ್ರೆ ಹಗ್ಗ ಸಡಿಲ ಮಾಡು ಅಂತ!"

ಹಕ್ಕಿಯನ್ನು ಹಾರಿಸಿ ಮೇಲೆ ಬಂದವಳ ಮುಖ ಕೆಂಪಾಗಿತ್ತು. ಹಗ್ಗ ಬಿಚ್ಚಿ ಎಸೆದಳು. "ಅಷ್ಟು ಹೊತ್ತು ನೇತಾಡಿಸಿದ್ಯಲ್ಲ, ಬುದ್ಧಿ ಇದ್ಯಾ ನಿನಗೆ?"

"ಹಗ್ಗ ಬಿಚ್ಚಿದ ಮೇಲೂ ಏಕವಚನವೇ?" ಎಂದ ಅವನು. ಅವನ ಅಂಗೈಗಳ ಚರ್ಮ ಸುಲಿದು ಹೋಗಿತ್ತು. "ಏನು ಮಾಡ್ಲಿ, ನೀನು ಬಿಡು ಅಂದ್ರೂ ನನಗೆ ಬಿಡೋಕೆ ಬರಲ್ಲ."

ಅವಳು ಆ ಅಂಗೈಗಳನ್ನು ನೋಡಿದಳು. ಕಣ್ಣು ತುಂಬಿತು. ತನ್ನ ಮನೆತನದ ಬಗ್ಗೆ ಮಾತ್ರ ಇದ್ದ ಹೆಮ್ಮೆ ಈಗ ಈ ಪೆದ್ದನ ಮೇಲೂ ಉಕ್ಕಿ ಬಂತು.

ಕೆಳಗೆ ಹಾರ್ನ್ ಆಯಿತು.

"ಬೋಟು ಬಿಡ್ತಾ ಇದೆ," ಎಂದು ಅವನು ಮೆಲ್ಲಗೆ ಹಗ್ಗದ ತುದಿ ಚಾಚಿದ.

ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಅವನ ಬೆರಳುಗಳನ್ನೇ ಅದರ ಸುತ್ತ ಮಡಿಸಿದಳು.

"ಬಿಟ್ರೆ ಬಿಡ್ಲಿ ಬಿಡು," ಎಂದಳು. "ನೀನು ಹಿಡ್ಕೋ."