ಫೈಲಿನೊಳಗಿದ್ದ ಸಣ್ಣಮ್ಮ

ಆನೆ ತಡೆಯಲು ಎಸ್ಟೇಟಿನವರು ಬೇಲಿಗೆ ಬಿಟ್ಟಿದ್ದ ಕರೆಂಟಿಗೆ ಕೂಲಿಯಾಳು ಸಣ್ಣಮ್ಮ ಸತ್ತಳು. ಹಾವು ಕಚ್ಚಿತೆಂದು ವರದಿ ಬರೆದರು.

ಮರುವಾರ ಮಧ್ಯಾಹ್ನ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಧರ್ಮಪ್ಪ ಆ ವರದಿಯ ವರ್ಡ್ ಫೈಲನ್ನು ಬೆಳಗೋಡಿನ ನನ್ನ ಕಂಪ್ಯೂಟರ್ ಅಂಗಡಿಗೆ ತಂದರು.

"ಇದ್ರಲ್ಲಿರೋ ಫೋಟೊ ಬೇರೆ ತೆಗ್ದುಕೊಡು ಮಾರಾಯ, ಸ್ಟೇಷನ್ನೋರು ಕೇಳ್ತಾವ್ರೆ."

ಫೈಲು ಪೆಟ್ಟಿಗೆಯಂತೆ ಬಿಚ್ಚಿಕೊಳ್ಳಲೆಂದು ಅದರ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ, ಒಳಗಿನ ಚಿತ್ರಗಳ ಫೋಲ್ಡರ್ ತೆರೆದೆ. ವರ್ಡ್‌ನಲ್ಲಿ ಚಿತ್ರವನ್ನು ಕತ್ತರಿಸಿದರೂ ಪೂರ್ತಿ ಚಿತ್ರ ಒಳಗೇ ಉಳಿದಿರುತ್ತದೆ; ಕತ್ತರಿಸಿದ ಧರ್ಮಪ್ಪನವರಿಗೆ ಅದು ಗೊತ್ತಿರಲಿಲ್ಲ. ವರದಿಯಲ್ಲಿ ಕಣ್ಣು ಮುಚ್ಚಿದ ಮುಖವಷ್ಟೇ ಇತ್ತು. ಇಲ್ಲಿ ಕಾಲಿಗೆ ತಂತಿ ಸುತ್ತಿತ್ತು. ಅದೇ ಮುಖ, ಆದರೆ ಕಣ್ಣು ತೆರೆದಿತ್ತು.

"ಹಾವೆಲ್ಲೈತೆ ರೈಟ್ರೇ?"

ಮೌಸ್ ಹಿಡಿದ ನನ್ನ ಕೈ ಜುಮ್ಮೆಂದಿತು. ಸುಟ್ಟ ಕೂದಲಿನ ವಾಸನೆ ಬಂತು. ಫೋಟೊ ಮುಚ್ಚಿ ಮತ್ತೆ ತೆರೆದೆ. ಈಗವಳು ನನ್ನ ಹೆಗಲಾಚೆ ನಿಂತಿದ್ದ ಧರ್ಮಪ್ಪನವರನ್ನು ನೋಡುತ್ತಿದ್ದಳು. ಅವರು ಬಾಗಿಲತ್ತ ಸರಿದರು. ಅವಳ ಕಣ್ಣೂ ಸರಿಯಿತು.

ಕರೆಂಟ್ ಹೋಯಿತು. ಫ್ಯಾನು ನಿಂತಿತು. ನನ್ನಂಗಡಿಯಲ್ಲಿ ಯುಪಿಎಸ್ ಇಲ್ಲ, ಆದರೂ ಪರದೆಯ ಮೇಲೆ ಸಣ್ಣಮ್ಮ ಬೆಳಗುತ್ತಲೇ ಇದ್ದಳು.

"ಅಳಿಸ್ಬುಡೋ ಅದ್ನ! ಧಣಿಗಳ ಹೆಸ್ರು ಹಾಳಾಗ್ಬುಡ್ತದೆ!"

"ಅಳಿಸಲ್ಲ ಕಣ್ರೀ," ಎಂದೆ. "ಹಿಂಗೇ ಪೂರ್ತಿ ಸ್ಟೇಷನ್ನಿಗೆ ಕಳಿಸ್ತೀನಿ."