ಅಮಾವಾಸ್ಯೆವರೆಗೂ ಕಡಲು ಮುಟ್ಟಬೇಡ

"ಮುಟ್ಟಬೇಡ!"

ಶಾಂತಕುಮಾರಿಯ ಕಾಲಿಗೂ ಅಲೆಗೂ ನಡುವೆ ಒಂದೇ ಮಾರು ಉಳಿದಿತ್ತು. ಹಿಂದಿನಿಂದ ಬಂದ ಕೈ ಅವಳ ಜಡೆಯನ್ನೇ ಹಿಡಿದು ಜಗ್ಗಿತು. ಅತ್ತೆ ವಿಶಾಲಾಕ್ಷಮ್ಮ!

"ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು ಸಮುದ್ರ ಮುಟ್ಟಬಾರದು ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವೇನೇ? ಅಮಾವಾಸ್ಯೆಗೆ ಇನ್ನೂ ಮೂರು ದಿನ ಇದೆ. ಅಲ್ಲೀವರೆಗೂ ದೂರದಿಂದ ಕೈಮುಗಿ, ಸಾಕು."

ನಮ್ಮಮ್ಮ ಸಮುದ್ರ ಎಲ್ಲಿ ಕಂಡಿದ್ಲು... ಊರ ಕೆರೆ ತುಂಬಿದ್ದನ್ನೇ ಎರಡು ಸಲ ನೋಡಿದಾಳೆ!

ಹಾಗಂದುಕೊಂಡಳು. ಬಾಯಿಂದ ಬಂದದ್ದು ಮಾತ್ರ, "ಅಮ್ಮೋ... ಎಂತ ನೀಳ್ಳು!" ಚಿಂತಾಮಣಿ ಕಡೆಯ ಹುಡುಗಿ. ಬೆರಗಾದರೆ 'ಎಷ್ಟೊಂದು ನೀರು' ಅನ್ನುವುದಕ್ಕೂ ತೆಲುಗೇ ಮುಂದೆ ಓಡಿ ಬರುತ್ತಿತ್ತು.

"ಅಮ್ಮೋ... ಎಂತ ನೀಳ್ಳು!"

ಅದೇ ದನಿ, ಅದೇ ರಾಗ! ತಿರುಗಿದರೆ ಗಂಡ ವೆಂಕಟೇಶಮೂರ್ತಿ. ಬಸ್ಸಿನಿಂದ ಇಳಿದಿದ್ದ ಇಪ್ಪತ್ತು ಯಾತ್ರಿಕರೂ ಗೊಳ್ಳೆಂದು ನಕ್ಕರು.

ಅದು ೧೯೬೧. ಮೂರ್ತಿ ಚಿಕ್ಕಬಳ್ಳಾಪುರದ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿ ಮೂರು ತಿಂಗಳು. ಅಮ್ಮನಿಗೆ ಗೋಕರ್ಣದ ಪುಣ್ಯ, ಹೆಂಡತಿಗೆ ಕಡಲ ಗಾಳಿ, ಎರಡನ್ನೂ ಒಂದೇ ರಜಾ ಅರ್ಜಿಯಲ್ಲಿ ಮುಗಿಸಲು ಹೊರಟ ಜಾಣ. ಅವನಿಗಿದ್ದ ಒಂದೇ ಚಟ ಅಣಕು. ಅವನ ಬಾಯಲ್ಲಿ ಅಮಲ್ದಾರರು ಅಮಲ್ದಾರರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದರು!

ಮರುದಿನ ಸಂಜೆ, ಅಮ್ಮ ದೇವಸ್ಥಾನದಲ್ಲಿದ್ದಾಗ, ಅವನೇ ಪಿಸುಗುಟ್ಟಿದ.

"ಬಾ ಕಣೇ, ದಡಕ್ಕೆ ಹೋಗಿ ಬರಣ."

"ಅತ್ತೆ...?"

"ಮುಟ್ಟಬೇಡ ಅಂದಿದಾರೆ. ನೋಡಬೇಡ ಅಂದಿಲ್ವಲ್ಲ!"

ಮರಳ ಮೇಲೆ ಕೂತರು. ಎಳನೀರು ಕುಡಿದರು. ಎಳೆಗಾಯಿಯ ಗಂಜಿಯನ್ನು ಅವನು ಕೆರೆದು ಕೆರೆದು ಅವಳ ಬಾಯಿಗೇ ಇಟ್ಟ. ಅಷ್ಟರಲ್ಲಿ ಒಂದು ಅಲೆ ಮೆಲ್ಲಗೆ ಬಂದು ಇಬ್ಬರ ಪಾದವನ್ನೂ ತೊಳೆದು ಹೋಯಿತು. ಅವಳು ಮುಟ್ಟಲಿಲ್ಲ... ಕಡಲೇ ಮುಟ್ಟಿತು!

"ರೀ... ನಗಬೇಡಿ. ಬಾಯಲ್ಲಿ ಸಿಹಿ ಇದೆ, ಪಕ್ಕದಲ್ಲಿ ನೀವಿದೀರ. ಅಲೆ ನೋಡ್ತಾ ಇದ್ರೆ ದೇವರ್ನ ನೋಡ್ದಂಗೇ ಆಗ್ತದೆ. ಸುಖವಾಗಿದ್ರೆ ದೇವ್ರು ಕೋಪ ಮಾಡ್ಕೊಳ್ತಾನಾ?"

ಅವನು ನಗಲಿಲ್ಲ. ಅವಳ ಕೈ ಹಿಡಿದು ಸುಮ್ಮನೆ ಕೂತ. ಇಷ್ಟು ದಿನಕ್ಕೆ ಗಂಡ ಸಿಕ್ಕಿದ, ಎಂದುಕೊಂಡಳು ಶಾಂತ.

ಒಂದೇ ರಾತ್ರಿಯ ಭಾಗ್ಯ ಅದು!

ಬೆಳಗ್ಗೆ, ಇಳಿದುಕೊಂಡಿದ್ದ ಭಟ್ಟರ ಮನೆಯಲ್ಲಿ ಎಲ್ಲರೂ ತಿಂಡಿಗೆ ಸಾಲಾಗಿ ಕೂತಿದ್ದರು. "ಮೂರ್ತಿ, ಹೊಸದು ಏನಾದ್ರೂ ಆಗ್ಲಪ್ಪ!" ಎಂದರು ಯಾರೋ. ಅವನ ಬಾಯಲ್ಲಿ ಅಮಲ್ದಾರರು ಬಂದರು, ಹೋದರು. ಆಮೇಲೆ ಅವನು ಕಣ್ಣು ಅರೆಮುಚ್ಚಿ, ಕೊರಳು ಸಣ್ಣ ಮಾಡಿದ.

"ರೀ... ಅಲೆ ನೋಡ್ತಾ ಇದ್ರೆ... ದೇವರ್ನ ನೋಡ್ದಂಗೇ ಆಗ್ತದೆ..."

ನಗು! ಹೊಟ್ಟೆ ಹಿಡಿದುಕೊಂಡು ನಗು! ಬಡಿಸುತ್ತಿದ್ದ ಶಾಂತಳ ಕೈಯ ಸೌಟು ಅಲ್ಲೇ ನಿಂತಿತು.

ನಗದವರು ಅತ್ತೆ ಒಬ್ಬರೇ.

"ದಡಕ್ಕೆ ಹೋಗಿದ್ದೇನೇ? ಮುಟ್ಟಿದ್ಯಾ?"

"...ಅಲೆ ಬಂತು, ಅತ್ತೆ."

"ನಿನ್ನ ಮಾವನಿಗೆ ತರ್ಪಣ ಬಿಡೋಕೆ ಬಂದಿರೋ ಜಾಗದಲ್ಲಿ ಮೋಜು! ನಾಳೆ ಸ್ನಾನ ಆಗೋವರೆಗೂ ನಿನಗೆ ಅನ್ನ ಇಲ್ಲ. ಬರೀ ನೀರು."

ಶಾಂತ ಗಂಡನ ಕಡೆ ನೋಡಿದಳು. ನಾನೇ ಕರ್ಕೊಂಡು ಹೋದೆ ಅನ್ನಿ... ಒಂದೇ ಮಾತು...

ಇಪ್ಪತ್ತು ಜನರ ದನಿ ಬಲ್ಲವನಿಗೆ ಆ ಒಂದು ಮಾತಿಗೆ ದನಿ ಇರಲಿಲ್ಲ. ತಲೆ ತಗ್ಗಿಸಿ ಉಪ್ಪಿಟ್ಟು ತಿಂದ. ಮಧ್ಯಾಹ್ನ, ಹಸಿದ ಹೆಂಡತಿ ಬಡಿಸಿದ ಪಾಯಸವನ್ನು ಎರಡು ಸಲ ಹಾಕಿಸಿಕೊಂಡ.

ಆಗಲೇ ಅವಳು ತೀರ್ಮಾನಿಸಿದಳು. ಇಲ್ಲಿಂದ ಚಿಕ್ಕಬಳ್ಳಾಪುರಕ್ಕಲ್ಲ. ನೇರ ಚಿಂತಾಮಣಿಗೆ, ಅಪ್ಪನ ಮನೆಗೆ!

ಅಮಾವಾಸ್ಯೆ. ತರ್ಪಣ ಮುಗಿಯಿತು. ಮೊಣಕಾಲುದ್ದ ನೀರಿನಲ್ಲಿ ಎಲ್ಲರೂ ನಿಂತಿದ್ದರು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರುವಂತೆ, ಮೂರ್ತಿಯ ಮನೆಯವರು ಈ ಕಡಲಲ್ಲೇ ಬಿಡುತ್ತಿದ್ದರು.

"ಮೂರ್ತಿ, ಸೋರೆಕಾಯಿ ಬಿಡ್ತೀನಿ ಅನ್ನು, ಹೇಗೂ ನೀನು ತಿನ್ನಲ್ಲ," ಅಮ್ಮ ಉಸುರಿದರು.

ಭಟ್ಟರು ಶಾಂತಳ ಬೊಗಸೆಗೆ ನೀರು ತುಂಬಿದರು. "ನಿಜವಾಗಿ ಇಷ್ಟವಾದದ್ದೇ ಹೇಳ್ಬೇಕು ತಾಯಿ. ಹೇಳಿ ನೀರು ಬಿಟ್ರೆ, ಬಿಟ್ಟ ಹಾಗೇ. ವಾಪಸ್ ಇಲ್ಲ. ಏನು ಬಿಡ್ತೀರಿ?"

ಅವಳ ತುಟಿ ಒಣಗಿತ್ತು. ಗಂಡನ ಕಡೆ ನೋಡಿಯೇ ಹೇಳಿದಳು.

"ಇವರನ್ನ."

"ಯಾರನ್ನ?!"

"ನನ್ನ ಗಂಡನ್ನ. ಅವರಿಗಿಂತ ಇಷ್ಟವಾದದ್ದು ನನ್ನ ಹತ್ರ ಇನ್ನೇನೂ ಇಲ್ಲ."

ಬೆರಳ ಸಂದಿಯಲ್ಲಿ ನೀರು ಜಿನುಗತೊಡಗಿತು. ಒಂದು ಹನಿ ಇನ್ನೇನು ಬೀಳಬೇಕು...

ಮೂರ್ತಿ ನೀರು ಸೀಳಿಕೊಂಡು ಬಂದು, ಅವಳ ಬೊಗಸೆಯ ಕೆಳಗೆ ತನ್ನ ಬೊಗಸೆ ಒಡ್ಡಿದ!

"ಬಿಡಬೇಡ ಕಣೇ!"

"ಯಾರ ದನೀಲಿ ಹೇಳ್ತಿದೀರಾ ಇದನ್ನ?"

ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಅಮ್ಮನ ಕಡೆ ತಿರುಗಿದ.

"ಅಮ್ಮ... ಕರ್ಕೊಂಡು ಹೋಗಿದ್ದು ನಾನು. ಅಲೆ ನನ್ನ ಕಾಲಿಗೂ ಬಂತು. ಇವಳನ್ನ ಉಪವಾಸ ಕೆಡವಿ ನಾನು ಪಾಯಸ ತಿಂದೆ."

"ಬಾಯಿ ಮುಚ್ಚೋ! ಜನ ನೋಡ್ತಿದಾರೆ."

"ಜನ ನೋಡ್ತಾರೆ ಅಂತಾನೇ ನಿನ್ನೆ ಮುಚ್ಚಿದ್ದೆ."

ಹನಿಗಳು ಒಂದೊಂದಾಗಿ ಅವಳ ಬೊಗಸೆಯಿಂದ ಅವನ ಬೊಗಸೆಗೆ ಇಳಿಯುತ್ತಿದ್ದವು.

"ನೀನು ಹೇಳಿದ್ದು ರಾತ್ರಿಯೆಲ್ಲಾ ಕಿವೀಲೇ ಇತ್ತು, ಶಾಂತಾ. ನಾಲಿಗೆಗೆ ಬಂದ್ಬಿಡ್ತು. ಜನ ನಕ್ಕಾಗ ಇದು ನಗೋ ಮಾತಲ್ಲ ಅನ್ನೋ ಧೈರ್ಯ ಇರ್ಲಿಲ್ಲ. ನಾನು ಹೇಡಿ. ಆದ್ರೂ... ಬಿಟ್ಟು ಹೋಗಬೇಡ."

ಶಾಂತ ತನ್ನ ಬೊಗಸೆ ಖಾಲಿಯಾಗುವವರೆಗೂ ಅವನನ್ನು ಹಾಗೇ ನಿಲ್ಲಿಸಿದಳು. ಆಮೇಲೆ ಒದ್ದೆ ಕೈಯನ್ನು ಅವನ ಕೈಯೊಳಗೇ ಇಳಿಬಿಟ್ಟಳು.

ಭಟ್ಟರು ಬಗ್ಗಿ ಮೂರ್ತಿಯ ಬೊಗಸೆ ನೋಡಿದರು. "ನೀರು ಕಡಲಿಗೆ ಬೀಳ್ಲಿಲ್ಲ ಮಾರಾಯ್ರೇ. ಸಂಕಲ್ಪ ಆಗಲಿಲ್ಲ."

ವಿಶಾಲಾಕ್ಷಮ್ಮ ಸೆರಗು ಕೊಡವಿ, ಹಿಂತಿರುಗಿ ನೋಡದೆ ದಡ ಹತ್ತಿದರು.

ಮರಳಿನ ಮೇಲೆ ನಡೆಯುತ್ತಾ ಮೂರ್ತಿ ಮೆಲ್ಲಗೆ ಕೇಳಿದ. "ಹಸಿವಾ?"

"ಹೂಂ... ಆದ್ರೆ ಕೋಪ ಇನ್ನೂ ಹೋಗಿಲ್ಲ."

"ಇರ್ಲಿ, ಬಾ. ಅದಕ್ಕೂ ಒಂದು ಎಲೆ ಹಾಕಿಸ್ತೀನಿ."

ಅವಳು ಅವನ ಕೈ ಬಿಡಲಿಲ್ಲ.

"ದೊಡ್ಡ ಎಲೆ ಹಾಕ್ಸಿ," ಎಂದಳು.